ಕಡಾಯಿ ಇಡದ ವರ್ಷ

ಡೋಲವ್ವನ ಫೋನು ಯಾವತ್ತೂ ಉದ್ದ ಇರುವುದಿಲ್ಲ. ಹೋದ ಫೆಬ್ರವರಿಯಲ್ಲಿ ನಾನು ದಾಂಡೇಲಿಯ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬಂದದ್ದಂತೂ ಒಂದೇ ಮಾತಿನ ಫೋನು.

"ಕಡಾಯಿ ತಗೊಂಡ ಬಾ," ಎಂದಳು. "ಯಾಕ ಚಿಗವ್ವಾ, ಏನಾತು?" ಎಂದು ನಾನು ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು. ತಿರುಗಿ ಮಾಡಿದರೆ ಎತ್ತಲಿಲ್ಲ.

ನನ್ನ ಗಂಡ ಕಾಗದದ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತ ಕೂತಿದ್ದರು. ಸಂಗತಿ ಹೇಳಿದೆ. "ಅಳೂ ಕಡಾಯೋ, ನಗೂ ಕಡಾಯೋ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಅರ್ಥವಿದೆ. ಬೇರೆಯವರಿಗೆ ಹುಚ್ಚು ಮಾತು ಅನ್ನಿಸಬಹುದು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಹಳಿಯಾಳ, ಕಲಘಟಗಿ, ಮುಂಡಗೋಡ. ಅಲ್ಲಿಂದ ಮೊದಲು ನನ್ನ ತವರು ಪಾಳಾಕ್ಕೆ ಹೋದೆ, ಯಾಕೆಂದರೆ ಡೋಲವ್ವ ಹೇಳಿದ ಕಡಾಯಿ ನಮ್ಮ ಅವ್ವನದು. ಅವ್ವ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ಅಟ್ಟದ ಮೇಲಿಂದ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಕೊಟ್ಟಳು. ಎರಡು ಕಿವಿಯ ಕಬ್ಬಿಣದ ಕಡಾಯಿ, ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಅದನ್ನು ಚೀಲದಲ್ಲಿ ಹಾಕಿಕೊಂಡು ಮುಂಡಗೋಡಿನಿಂದ ಟಂಟಂ ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಅಳಬೇಕೋ ನಗಬೇಕೋ ತಿಳಿಯದೆ ಚೀಲ ತಬ್ಬಿಕೊಂಡು ಕೂತಿದ್ದೆ.

ಡೋಲವ್ವ ಇರುವ ಟಿಬೆಟಿ ನಿರಾಶ್ರಿತರ ಕ್ಯಾಂಪಿನ ತಿರುವಿನಲ್ಲಿ ಇಳಿದಾಗ ಆ ವಾಸನೆ ಬಂತು. ಮೈದಾ ಹಿಟ್ಟು ಬಿಸಿ ಎಣ್ಣೆಯಲ್ಲಿ ಕೆಂಪಗಾಗುವ ವಾಸನೆ. ಟಿಬೆಟಿಯರ ಹೊಸವರ್ಷ ಲೋಸಾರ್ ಹತ್ತಿರ ಬಂದಾಗ ಇಲ್ಲಿ ಪ್ರತಿ ಮನೆಯಲ್ಲೂ ಖಪ್ಸೆ ಕರಿಯುತ್ತಾರೆ. ಹಿಟ್ಟನ್ನು ಹುರಿ ಹೊಸೆದು, ಕಿವಿಯ ಹಾಗೆ ಮಡಚಿ, ಜಡೆ ಹೆಣೆದು ಕರಿದ ತಿನಿಸು. ಅವ್ವ ಅದನ್ನು ಟಿಬೆಟಿ ಶಂಕರಪೋಳಿ ಎನ್ನುತ್ತಿದ್ದಳು. ಆ ವಾಸನೆ ಮೂಗಿಗೆ ಬಿದ್ದದ್ದೇ, ಅದು ಬಾರದೇ ಹೋದ ವರ್ಷ ನೆನಪಾಗಿ ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಚೀಲ ಇಟ್ಟು ನಿಂತೆ.

ಆಗ ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮನೆಯಲ್ಲಿರುವುದು ಎಂದರೆ ವರ ನೋಡುವುದು ಎಂದೇ ಅರ್ಥ. ಅವ್ವನಿಗೆ ಎಮ್ಮೆಗಳಿದ್ದವು. ಸಂತೆಯ ದಿನ ಬೆಣ್ಣೆಯ ಬೋಗಾಣಿ ಹಿಡಿದು ಕ್ಯಾಂಪಿಗೆ ಹೋಗುವುದು ನಾನು ಹುಟ್ಟುವ ಮೊದಲಿನಿಂದ ಅವಳ ರೂಢಿ. ಟಿಬೆಟಿಯರಿಗೆ ಚಹಾಕ್ಕೆ ಬೆಣ್ಣೆ ಬೇಕು. "ಉಪ್ಪು ಹಾಕ್ತಾರ, ಬೆಣ್ಣಿ ಹಾಕ್ತಾರ. ಚಹಾ ಮಾಡ್ತಾರೋ ಸಾರು ಮಾಡ್ತಾರೋ ಶಿವನ ಬಲ್ಲ," ಎಂದು ಅವ್ವ ಬೀದಿಗೆಲ್ಲ ಹೇಳಿ ನಗುತ್ತಿದ್ದಳು, ಆದರೆ ಡೋಲ್ಮಾಳ ಮನೆಯಲ್ಲಿ ಎರಡು ಬಟ್ಟಲು ಕುಡಿಯದೆ ಎದ್ದು ಬರುತ್ತಿರಲಿಲ್ಲ. ಡೋಲ್ಮಾ ಎನ್ನುವ ಹೆಸರು ಅವ್ವನ ಬಾಯಲ್ಲಿ ಡೋಲವ್ವ ಆಯಿತು. ಆಮೇಲೆ ಪಾಳಾದವರಿಗೆಲ್ಲ ಅವಳು ಡೋಲವ್ವನೇ. ಅವಳು ಅವ್ವನನ್ನು ಅಕ್ಕ ಎಂದಳು, ಹಾಗಾಗಿ ನನಗೆ ಚಿಗವ್ವ ಆದಳು.

ಅವಳ ಕನ್ನಡ ಗೋವಿನಜೋಳದ ಹೊಲದಲ್ಲಿ, ಆಳುಗಳ ಜೊತೆ ಕಲಿತದ್ದು. ಅದರಲ್ಲಿ ರೀ ಎನ್ನುವುದೇ ಇರಲಿಲ್ಲ. ನಮ್ಮ ಅಪ್ಪನಿಗೂ "ಬಾ, ಕೂಡು, ಉಂಡೀ?" ಎನ್ನುತ್ತಿದ್ದಳು. ಊರಲ್ಲಿ ಹಿರಿಯರಾದ ಅಪ್ಪ, ಆ ಒಬ್ಬಳೆದುರು ಮಾತ್ರ ಶಾಲೆಯ ಹುಡುಗನ ಹಾಗೆ ಹೇಳಿದಲ್ಲಿ ಕೂಡುತ್ತಿದ್ದರು.

ಡೋಲವ್ವನಿಗೆ ಟಿಬೆಟಿನಲ್ಲಿ ಒಬ್ಬಳು ತಂಗಿ. ತಾಯಿತಂದೆ ದೇಶ ಬಿಟ್ಟು ಹೊರಟಾಗ ಡೋಲವ್ವ ನಡೆಯುವ ಮಗು, ತಂಗಿ ತೊಟ್ಟಿಲಲ್ಲಿ. ಹಿಮದಲ್ಲಿ ಕೂಸು ಉಳಿಯುವುದಿಲ್ಲ ಎಂದು ಅಜ್ಜಿಯ ಹತ್ತಿರ ಬಿಟ್ಟು ಬಂದರು. ಎಷ್ಟೋ ವರ್ಷಗಳ ಮೇಲೆ, ಆ ಕಡೆಯಿಂದ ದಾಟಿಬಂದ ಒಬ್ಬ ಸನ್ಯಾಸಿಯ ಮೂಲಕ ಫೋನ್ ನಂಬರು ಸಿಕ್ಕಿತು. ಹಾಗೆ ಅಕ್ಕತಂಗಿಯರು ಮುಖ ನೋಡದೆ, ದನಿಯಲ್ಲೇ ಒಬ್ಬರನ್ನೊಬ್ಬರು ಗುರುತು ಹಿಡಿದರು. ತಿಂಗಳಿಗೊಮ್ಮೆ ಮಾತು. "ನನ್ನ ತಂಗೀದು ದನಿ ದಪ್ಪ ಐತಿ. ಆಕೀನೂ ದಪ್ಪ ಇರಬೇಕು," ಎನ್ನುತ್ತಿದ್ದಳು.

ಆ ವರ್ಷ ಅಲ್ಲಿ ಗದ್ದಲವಾಯಿತು. ಸನ್ಯಾಸಿಗಳು ಬೀದಿಗಿಳಿದರು, ಸೈನ್ಯ ಬಂತು, ಗುಂಡು ಹಾರಿದವು, ಜನ ಸತ್ತರು. ನಮಗೆ ಇದೆಲ್ಲ ಟಿವಿಯಲ್ಲಿ ಒಂದು ನಿಮಿಷದ ಸುದ್ದಿ. ಪಾಳಾದಲ್ಲಿ ಯಾರಿಗೂ ಆ ಊರುಗಳ ಹೆಸರು ಹೇಳಲಿಕ್ಕೂ ಬರುತ್ತಿರಲಿಲ್ಲ. ಆದರೆ ಬೆಣ್ಣೆ ಕೊಟ್ಟು ಬಂದ ಅವ್ವ ಒಂದು ದಿನ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಡೋಲವ್ವ ಚಹಾ ಮಾಡಲಿಲ್ಲ. ಬೆಣ್ಣಿ ಎಲ್ಲಾ ದೀಪಕ್ಕ ಹಾಕಾಕತ್ತಾಳ."

ತಂಗಿಯ ಫೋನು ಹತ್ತುತ್ತಿರಲಿಲ್ಲ. ಡೋಲವ್ವ ದಿನಾ ಮಾಡುತ್ತಿದ್ದಳು. ಆ ಕಡೆಯಿಂದ ಯಾವುದೋ ಹೆಂಗಸಿನ ಯಂತ್ರದ ದನಿ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ನಿಂತುಬಿಡುತ್ತಿತ್ತು. ನಾನೂ ಜೊತೆಗೆ ಹೋದ ಒಂದು ದಿನ ಅವ್ವ ಫೋನು ತಗೊಂಡು ತನ್ನ ಕಿವಿಗೆ ಇಟ್ಟುಕೊಂಡಳು. ಆ ಹೆಂಗಸು ಹೇಳುವುದನ್ನೆಲ್ಲ ತಲೆದೂಗುತ್ತ ಪೂರ್ತಿ ಕೇಳಿದಳು.

"ದನಿ ಚಲೋ ಐತಿ. ಕೆಟ್ಟ ಸುದ್ದಿ ಹೇಳೂ ದನಿ ಅಲ್ಲಿದು," ಎಂದಳು.

ಡೋಲವ್ವ ಬಹಳ ದಿನಗಳ ಮೇಲೆ ಸ್ವಲ್ಪ ನಕ್ಕಳು. ಆದರೆ ಅದು ಮಳೆಗಾಲದ ಮಾತು. ಸುಗ್ಗಿ ಮುಗಿದು ಚಳಿ ಬಂದರೂ ಫೋನು ಹತ್ತಲಿಲ್ಲ. ಲೋಸಾರ್ ಹತ್ತಿರವಾಯಿತು. ಮಾವು ಹೂಬಿಟ್ಟಿದ್ದವು, ಸಾಗವಾನಿಯ ಎಲೆಗಳು ರಸ್ತೆಯ ಮೇಲೆಲ್ಲ ಬಿದ್ದು ಟಂಟಮ್ಮಿನ ಗಾಲಿಗೆ ಸಿಕ್ಕಿ ಪುಡಿಯಾಗುತ್ತಿದ್ದವು. ಕ್ಯಾಂಪಿನಿಂದ ಅವ್ವ ಬರಿಗೈಯಲ್ಲಿ ಬಂದಳು. ಪ್ರತಿ ವರ್ಷ ಆ ಸಮಯಕ್ಕೆ ಬೋಗಾಣಿ ತುಂಬ ಖಪ್ಸೆ ಬರುತ್ತಿತ್ತು.

"ಕ್ಯಾಂಪಿನಾಗ ಹಬ್ಬಿಲ್ಲಂತ. ಒಂದ ಮನ್ಯಾಗೂ ಕಡಾಯಿ ಇಟ್ಟಿಲ್ಲ," ಎಂದಳು ಅವ್ವ. ಚಪ್ಪಲಿ ಬಿಟ್ಟು ಒಳಗೆ ಬಂದು, "ಡೋಲವ್ವನ ತಂಗಿ ಹೋಗ್ಯಾಳ," ಎಂದಳು.

"ಯಾರ ಹೇಳಿದ್ರು ನಿನಗ?" ಎಂದು ಅಪ್ಪ ಕೇಳಿದರು.

"ಹೇಳಬೇಕೇನು? ಹಬ್ಬಿಲ್ಲ ಅಂದ್ರ ಏನರ್ಥ? ಆಕಿ ಬಾಯಿಬಿಟ್ಟು ಹೇಳವೊಲ್ಲಳು, ಅಷ್ಟ."

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಸಾವಾದ ಮನೆಯಲ್ಲಿ ಹಬ್ಬಕ್ಕೆ ಎಣ್ಣೆ ಕಾಯಿಸುವುದಿಲ್ಲ, ಕರಿದದ್ದು ಮಾಡುವುದಿಲ್ಲ. ಕಡಾಯಿ ಇಡಂಗಿಲ್ಲ ಎನ್ನುತ್ತಾರೆ. ಮನೆಯವರು ತಾವಾಗಿ ಅದನ್ನು ಮುರಿಯುವ ಹಾಗಿಲ್ಲ. ಸತ್ತವರ ಹತ್ತಿರದ ಬಂಧುಗಳು, ಹೆಂಗಸು ಸತ್ತಿದ್ದರೆ ಅವಳ ತವರಿನವರು, ಬಂದು ತಾವೇ ಕಡಾಯಿ ಇಟ್ಟು ಏನಾದರೂ ಕರಿದು ಮನೆಮಂದಿಯ ಬಾಯಿ ಸಿಹಿ ಮಾಡಬೇಕು. ಅಲ್ಲಿಗೆ ದುಃಖಕ್ಕೆ ಒಂದು ಗೆರೆ. ನಮ್ಮ ಸ್ವಾಮಿಗಳು ಲಿಂಗವಂತರಿಗೆ ಸೂತಕವಿಲ್ಲ ಎಂದು ಹೇಳುತ್ತಲೇ ಇರುತ್ತಾರೆ. ಅವ್ವನ ಉತ್ತರ ಒಂದೇ: "ಸೂತಕ ಇಲ್ಲರಿ ಅಜ್ಜಾರ, ದುಃಖ ಐತೆಲ್ಲ."

"ಡೋಲವ್ವಗ ಇಲ್ಲೆ ಯಾರದಾರ?" ಎಂದಳು ಅವ್ವ. "ಆಕಿ ಕಡಿಯವರು ಬಂದು ಕಡಾಯಿ ಇಡಬೇಕಂದ್ರ ಹಿಮಾಲಯ ದಾಟಿ ಬರಬೇಕು. ನಾನ ಹೋಗ್ತೇನಿ."

ಮರುದಿನ ಹೋದೆವು. ಅವ್ವನ ಕೈಯಲ್ಲಿ ಕಡಾಯಿ, ನನ್ನ ಕೈಯಲ್ಲಿ ಗೋದಿ ಹಿಟ್ಟು, ಬೆಲ್ಲ, ಎಣ್ಣೆಯ ಡಬ್ಬಿ. ಡೋಲವ್ವನ ಮನೆಯಲ್ಲಿ ದೇವರ ಮುಂದೆ ಸಾಲಾಗಿ ಬೆಣ್ಣೆಯ ದೀಪ ಉರಿಯುತ್ತಿದ್ದವು. ಅವಳು ಕೆಳಗೆ ಕೂತು ಮಣಿ ಎಣಿಸುತ್ತಿದ್ದಳು. ಸ್ವೆಟರ್ ವ್ಯಾಪಾರಕ್ಕೆ ಹೋಗಿದ್ದ ಅವಳ ಗಂಡ ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ. ಅವನು ಮೂಟೆಗಳ ನಡುವೆ ಮಲಗಿದ್ದ. ಅವ್ವ ಯಾರನ್ನೂ ಮಾತಾಡಿಸದೆ ನೆಟ್ಟಗೆ ಅಡುಗೆಮನೆಗೆ ನಡೆದು, ಗ್ಯಾಸ್ ಹಚ್ಚಿ, ಕಡಾಯಿ ಇಟ್ಟು ಎಣ್ಣೆ ಸುರಿದಳು.

ಶಬ್ದ ಕೇಳಿ ಡೋಲವ್ವ ಎದ್ದು ಬಂದಳು. "ಏನ್ ಮಾಡ್ತೀ ಅಕ್ಕಾ?"

"ಬಾಯಿ ಸಿಹಿ ಮಾಡ್ಕೋ, ನನ್ನ ತಂಗಿ," ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ. "ಹೋದಾಕಿ ಹೋದ್ಲು. ನಿನಗ ಯಾರಿಲ್ಲ ಅಂತ ತಿಳಕೋಬ್ಯಾಡ. ನಾ ಬಂದೇನಿ."

ಡೋಲವ್ವ ಕಡಾಯಿಯನ್ನು ನೋಡಿದಳು, ಅವ್ವನನ್ನು ನೋಡಿದಳು. ಪಾಳಾದ ಮನೆಗಳಲ್ಲಿ ಓಡಾಡಿದವಳು ಅವಳು, ನಮ್ಮ ರೀತಿ ಗೊತ್ತಿತ್ತು. ಅರ್ಥವಾದಾಗ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಕೈ ಚಾಚಿ ಗ್ಯಾಸ್ ಆರಿಸಿದಳು.

"ನನ್ನ ತಂಗಿ ಸತ್ತಿಲ್ಲ," ಎಂದಳು. ದನಿ ಎತ್ತಲಿಲ್ಲ. "ಸತ್ತ ಸುದ್ದಿ ಬಂದ ದಿನಾ ನಾನ ಕರೀತೇನಿ. ಅವತ್ತು ತಗೊಂಡ ಬಾ ನಿನ್ನ ಕಡಾಯಿ."

ಎಣ್ಣೆಯನ್ನು ಡಬ್ಬಿಗೆ ತಿರುಗಿ ಸುರಿಯುವಾಗ ಅವ್ವನ ಕೈ ತಪ್ಪಿ ಅರ್ಧ ನೆಲಕ್ಕೆ ಬಿತ್ತು. ಡೋಲವ್ವ ಒರೆಸಲು ಬಟ್ಟೆ ಕೊಡಲಿಲ್ಲ, ಅವ್ವ ತನ್ನ ಸೆರಗಿನಿಂದಲೇ ಒರೆಸಿದಳು. ಮುಂಡಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಎಣ್ಣೆ ಮೆತ್ತಿದ ಸೆರಗು ಮುದುಡಿ ಹಿಡಿದು ಕೂತ ಅವ್ವ ಒಂದೇ ಮಾತು ಹೇಳಿದಳು: "ಇದ್ದಾಕೀನ ನಾನ ಸಾಯಿಸಿಬಿಟ್ನೆಲ್ಲ." ನನಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು, ಆದರೂ ಕಡಾಯಿಯನ್ನು ನಾನೇ ಹೊತ್ತುಕೊಂಡೆ.

ಒಂದು ವಾರದ ಮೇಲೆ ಡೋಲವ್ವನ ಗಂಡ ಪಾಳಾಕ್ಕೆ ಬಂದ. ನಾವು ಬಿಟ್ಟುಬಂದಿದ್ದ ಹಿಟ್ಟು, ಬೆಲ್ಲ ಮರಳಿಸಲು ಎಂಬುದು ನೆಪ. ಚಹಾ ಕುಡಿಯುತ್ತ ಅಪ್ಪನಿಗೆ ಹೇಳಿದ, "ಇದು ಸತ್ತಿದ್ದಕ್ಕ ಹಬ್ಬ ಬಿಡೂದು ಅಷ್ಟ ಅಲ್ರಿ. ಅಲ್ಲೆ ಸರ್ಕಾರದವರು ನಮ್ಮ ಮಂದೀಗೆ ಹಬ್ಬ ಮಾಡ್ರಿ, ಕುಣೀರಿ, ಎಲ್ಲಾ ಚಲೋ ಐತಿ ಅಂತ ತೋರಸ್ರಿ ಅಂತಾರ. ಅವರು ಮಾಡಂಗಿಲ್ಲ ಅಂದಾರ. ಕೈಯಾಗ ಬ್ಯಾರೆ ಏನೂ ಇಲ್ಲ, ಹಬ್ಬ ಬಿಡೂದು ಒಂದ ಕೈಯಾಗೈತಿ. ಅದಕ್ಕ ನಾವೂ ಬಿಟ್ಟೇವಿ."

ಅವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. "ಅಂದ್ರ ಇದು ಅಳೂದಲ್ಲ. ಹಟ," ಎಂದಳು.

"ಹೌದ್ರಿ. ಹಟಾನ."

"ಹಂಗಾರ ನಮ್ಮನ್ಯಾಗೂ ಕಡಾಯಿ ಇಡಂಗಿಲ್ಲ. ಆಕಿ ತಂಗಿ ಸುದ್ದಿ ಬರೂತನಕ."

ಅಪ್ಪ ಇದು ಎರಡು ದಿನದ ಮಾತು ಎಂದುಕೊಂಡರು. ಅವರಿಗೆ ಹೆಂಡತಿ ಇನ್ನೂ ಗೊತ್ತಿರಲಿಲ್ಲ. ಕಡಾಯಿ ತೊಳೆದು ಅಟ್ಟಕ್ಕೆ ಹೋಯಿತು. ಯುಗಾದಿ ಹೋಳಿಗೆಯಲ್ಲಿ ಕಳೆಯಿತು, ಹೋಳಿಗೆಗೆ ತವೆ ಸಾಕು. ಮಳೆ ಹಿಡಿದಾಗ ತೊಂದರೆ ಶುರುವಾಯಿತು. ಹೊರಗೆ ಜಿಟಿಜಿಟಿ ಮಳೆ ಬೀಳುತ್ತಿರುವಾಗ ಅಪ್ಪನಿಗೆ ಮೆಣಸಿನಕಾಯಿ ಭಜಿ ಬೇಕು. ಇಲ್ಲದಿದ್ದರೆ ಮಳೆ ಬಂದದ್ದೇ ದಂಡ ಎನ್ನುವ ಮನುಷ್ಯ. ಗೊಬ್ಬರ ತರುವ ನೆಪ ಮಾಡಿ ಮುಂಡಗೋಡಕ್ಕೆ ಹೋಗಿ ಗಿರಮಿಟ್ಟು, ಭಜಿ ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ಅವ್ವ ಅವರ ಅಂಗಿ ಮೂಸಿ ನೋಡಿ, "ಗೊಬ್ಬರಕ್ಕ ಈಗೀಗ ಇಂಗಿನ ವಾಸನಿ ಬರ್ತೈತಿ," ಎನ್ನುತ್ತಿದ್ದಳು. ಪಂಚಮಿಗೆ ಉಂಡಿ ಕಟ್ಟಿದಳು, ಚೌತಿಗೆ ಕಡುಬು ಕುದಿಸಿದಳು. ಓಣಿಯ ಹೆಂಗಸರು ನಕ್ಕರು. "ಎಲ್ಲೋ ಸತ್ತವರಿಗೆ ಇಲ್ಲಿ ಯಾಕ ಉಪಾಸ" ಎಂದವರಿದ್ದರು. ಅವ್ವ ಅವರ ಜೊತೆ ಜಗಳ ಮಾಡಲಿಲ್ಲ. ಉಪವಾಸವೇನೂ ಅಲ್ಲವಲ್ಲ, ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು.

ಬೆಣ್ಣೆ ಕೊಡುವುದನ್ನು ಮಾತ್ರ ಬಿಡಲಿಲ್ಲ. ಸಂತೆಯ ದಿನ ಹೋಗುತ್ತಿದ್ದಳು, ಡೋಲವ್ವ ಬಾಗಿಲಲ್ಲೇ ಬೋಗಾಣಿ ತಗೊಳ್ಳುತ್ತಿದ್ದಳು. ಒಳಗೆ ಕರೆಯುತ್ತಿರಲಿಲ್ಲ. ತನ್ನ ಮನೆಯ ಅಟ್ಟಕ್ಕೆ ಏರಿದ ಕಡಾಯಿಯ ಸಂಗತಿಯನ್ನು ಅವ್ವ ಅವಳಿಗೆ ಹೇಳಲಿಲ್ಲ. "ಹೇಳಿದ್ರ ಉಪಕಾರ ಹೇರಿದಂಗಾಕ್ಕೈತಿ" ಎನ್ನುವುದು ಅವಳ ಲೆಕ್ಕ.

ದೀಪಾವಳಿಯ ಮೇಲೆ ಹಳಿಯಾಳದ ಸಂಬಂಧ ಕೂಡಿಬಂತು. ಹುಡುಗನಿಗೆ ದಾಂಡೇಲಿಯಲ್ಲಿ ಕೆಲಸ. ನಿಶ್ಚಯಕ್ಕೆ ಬೀಗರು ನಮ್ಮ ಮನೆಗೆ ಬರುವುದೆಂದಾಯಿತು. ಅಪ್ಪ ಕೈಮುಗಿದು ಕೇಳಿದರು, "ಬೀಗರ ಊಟಕ್ಕರ ಭಜಿ ಕರಿ. ನನ್ನ ಸಲುವಾಗಿ ಅಲ್ಲ." ಅವ್ವ ಕೇಳಲಿಲ್ಲ. ಎಲೆಯಲ್ಲಿ ಗೋದಿ ಹುಗ್ಗಿ ಇತ್ತು, ಹೋಳಿಗೆ ಇತ್ತು, ಬದನೆಕಾಯಿ ಪಲ್ಯ, ತುಪ್ಪ ಎಲ್ಲ ಇತ್ತು. ಕರಿದದ್ದು ಒಂದು ಹಪ್ಪಳವೂ ಇರಲಿಲ್ಲ.

ಹಳಿಯಾಳದಲ್ಲಿ ಬೀಗರ ಎಲೆಗೆ ಭಜಿ ಇಲ್ಲದಿರುವುದು ಸಣ್ಣ ವಿಷಯವಲ್ಲ. ನನ್ನ ಅತ್ತೆಯಾಗುವವರು ಎಲೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡಿದರು. ಊಟಕ್ಕೆ ಕೈ ಹಚ್ಚಲಿಲ್ಲ. ನಾನು ಒಳಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹುಡುಗ ನನಗೆ ಮನಸ್ಸಿಗೆ ಬಂದಿದ್ದ.

"ನಿಮ್ಮನ್ಯಾಗ ಯಾರ ಹೋಗ್ಯಾರ್ರಿ?" ಎಂದು ಅತ್ತೆ ಕೇಳಿದರು. "ಸಾವಿನ ವರ್ಷದಾಗ ನಿಶ್ಚಯ ಇಟ್ಟೀರಿ, ನಮಗ ಒಂದ ಮಾತು ಹೇಳಿಲ್ಲ."

"ಯಾರೂ ಸತ್ತಿಲ್ರಿ," ಎಂದಳು ಅವ್ವ. "ಸತ್ತಿಲ್ಲ ಅಂತನ ಕಡಾಯಿ ಇಟ್ಟಿಲ್ಲ."

ಆಮೇಲೆ ಎಲ್ಲ ಹೇಳಿದಳು. ತೊಟ್ಟಿಲಲ್ಲಿ ಬಿಟ್ಟು ಬಂದ ತಂಗಿ, ಯಂತ್ರದ ದನಿ, ತಾನು ಹೊತ್ತುಕೊಂಡು ಹೋದ ಕಡಾಯಿ, ನೆಲಕ್ಕೆ ಚೆಲ್ಲಿದ ಎಣ್ಣೆ. ಅಂದು ನಿಶ್ಚಯಕ್ಕೆ ಕರೆದಿದ್ದರಿಂದ ಡೋಲವ್ವನೂ ಬಂದಿದ್ದಳು. ಟಿಬೆಟಿ ಹೆಂಗಸರು ಸೊಂಟದ ಮುಂದೆ ಕಟ್ಟುವ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿಕೊಂಡು, ಹೆಂಗಸರ ಸಾಲಿನ ಕೊನೆಗೆ ಕೂತಿದ್ದಳು. ಕಡಾಯಿ ಅಟ್ಟಕ್ಕೆ ಹೋದ ಸುದ್ದಿ ಅವಳಿಗೆ ತಿಳಿದದ್ದೇ ಆಗ, ಬೀಗರೆಲ್ಲರ ಎದುರಿಗೆ. ತಲೆ ಎತ್ತದೆ ಹೋಳಿಗೆ ಮುರಿಯುತ್ತಲೇ ಇದ್ದಳು. ಹೋಳಿಗೆ ಪುಡಿಪುಡಿಯಾಯಿತು, ಬಾಯಿಗೆ ಹೋಗಲಿಲ್ಲ.

ನನ್ನ ಅತ್ತೆ ಡೋಲವ್ವನ ಕಡೆ ತಿರುಗಿದರು. "ಸುದ್ದಿ ಬಂದೈತೇನ್ರಿ ನಿಮ್ಮ ತಂಗೀದು?"

ಡೋಲವ್ವ ಇಲ್ಲ ಎಂದು ತಲೆಯಾಡಿಸಿದಳು.

"ಹಂಗಾರ ಹೋಳಿಗಿ ಸಾಕು," ಎಂದು ಅತ್ತೆ ಎಲೆಗೆ ಕೈ ಹಚ್ಚಿದರು. "ಭಜಿ ಮದವ್ಯಾಗ ತಿಂದ್ರಾತು." ಆ ಗಳಿಗೆಯಿಂದ ಇಂದಿನವರೆಗೆ ನಾನು ಅತ್ತೆಗೆ ಎದುರು ಮಾತಾಡಿದ್ದು ಕಡಿಮೆ. ಮಾತಾಡಬೇಕೆನಿಸಿದಾಗಲೆಲ್ಲ ಆ ಎಲೆ ಕಣ್ಣಮುಂದೆ ಬರುತ್ತದೆ.

ಹೊರಡುವಾಗ ಡೋಲವ್ವ ನನ್ನ ಗಲ್ಲ ಹಿಡಿದು, "ನಿನ್ನ ಅವ್ವ ಹುಚ್ಚಿ," ಎಂದಳು. ಅವ್ವನಿಗೆ ಏನೂ ಹೇಳಲಿಲ್ಲ. ಆದರೆ ಮುಂದಿನ ಸಂತೆಯ ದಿನ ಅವ್ವ ತಡವಾಗಿ ಬಂದಳು, ಬಾಯಲ್ಲಿ ಉಪ್ಪು ಚಹಾದ ವಾಸನೆಯಿತ್ತು.

ಮತ್ತೆ ಲೋಸಾರ್ ಬಂತು. ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬೇಗ ಬಂದರು. ಮನೆಗೆಲ್ಲ ಇದ್ದದ್ದು ಅವರೊಬ್ಬರ ಮೊಬೈಲು. ಅದನ್ನು ಕೈಯಲ್ಲೇ ಹಿಡಿದು ಅಂಗಳದಲ್ಲಿ ನಿಂತರು.

"ಡೋಲವ್ವ ಮಾಡಿದ್ಲು. ಅಕ್ಕಗ ಕಡಾಯಿ ತಗೊಂಡ ಬಾ ಅಂತ ಹೇಳು ಅಂದ್ಲು. ಇಟ್ಟಬಿಟ್ಲು."

ಅವ್ವ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. ಸತ್ತ ಸುದ್ದಿ ಬಂದ ದಿನ ನಾನೇ ಕರೆಯುತ್ತೇನೆ ಎಂದಿದ್ದಳಲ್ಲ. ಆ ಮಾತನ್ನು ಅವ್ವ ವರ್ಷವಿಡೀ ಮಡಿಲಲ್ಲಿ ಕೆಂಡದ ಹಾಗೆ ಕಟ್ಟಿಕೊಂಡಿದ್ದಳು. ಎದ್ದು ಕಡಾಯಿ ಇಳಿಸಿದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮ ಕಣ್ಣೀರು ಸುರಿಸಿದಳು. ಮುಖ ನೋಡದವಳಿಗಾಗಿ ಹಾಗೆ ಅಳಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಡೋಲವ್ವನ ಮನೆಯ ಅಂಗಳ ಮುಟ್ಟುವಷ್ಟರಲ್ಲಿ ಅವ್ವ ಬಾಯಿಬಿಟ್ಟಳು. ನಮ್ಮ ಕಡೆಯ ಹೆಂಗಸರು ಸಾವಿನ ಮನೆಯಲ್ಲಿ ಹಾಡಿ ಅಳುತ್ತಾರೆ. ಸತ್ತವರ ಗುಣ ಒಂದೊಂದಾಗಿ ಹೇಳಿ, ರಾಗ ಎಳೆದು. ಆ ತಂಗಿಯ ಗುಣ ಅವ್ವನಿಗೆ ಏನು ಗೊತ್ತು? "ದಪ್ಪ ದನಿಯಾಕೀ... ಅಜ್ಜೀ ಕೈಯಾಗ ಬೆಳದಾಕೀ... ಅಕ್ಕನ ಮಾರಿ ನೋಡದ ಹೋದೆಲ್ಲೇ ನನ್ನವ್ವಾ..." ಎಂದು ಗೊತ್ತಿದ್ದಷ್ಟನ್ನೇ ಹಾಡಿ ಅತ್ತಳು. ಅಕ್ಕಪಕ್ಕದ ಟಿಬೆಟಿ ಹೆಂಗಸರೆಲ್ಲ ಹೊರಗೆ ಬಂದರು.

ಡೋಲವ್ವ ಬಾಗಿಲಿಗೆ ಓಡಿ ಬಂದಳು. ಎರಡೂ ಕೈ ಮೊಣಕೈವರೆಗೆ ಮೈದಾ ಹಿಟ್ಟು. "ಏನಾತು ಅಕ್ಕಾ? ಯಾರ ಸತ್ರು?" ಎಂದು ಗಾಬರಿಯಿಂದ ಕೇಳಿದಳು.

"ನಿನ್ನ ತಂಗಿ," ಎಂದಳು ಅವ್ವ, ರಾಗ ನಿಲ್ಲಿಸಿ.

"ನನ್ನ ತಂಗಿ ಮುಂಜಾನಿ ಮಾತಾಡಿದ್ಲು."

ಅವ್ವನ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಸಿಟ್ಟಿನಲ್ಲಿ ಆಡಿದ ಮಾತು ಡೋಲವ್ವನಿಗೆ ಅವತ್ತೇ ಮರೆತುಹೋಗಿತ್ತು. ಅವಳ ಲೆಕ್ಕದಲ್ಲಿ ಕಡಾಯಿ ಎಂದರೆ ಖಪ್ಸೆ, ಖಪ್ಸೆ ಎಂದರೆ ಸಂತೋಷ. ತನಗಾಗಿ ವರ್ಷವಿಡೀ ಎಣ್ಣೆ ಕಾಣದ ಕಡಾಯಿಯಲ್ಲೇ ಈ ಸಲದ ಮೊದಲ ಖಪ್ಸೆ ಕರಿಯಬೇಕು ಎಂದು ಕರೆದಿದ್ದಳು. ಇದೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಅವ್ವ ಅವಳ ಬೆನ್ನಿಗೆ ಗುದ್ದತೊಡಗಿದ್ದಳು. ಗುದ್ದುತ್ತ ನಗುತ್ತಿದ್ದಳು. ಡೋಲವ್ವನ ಹಿಟ್ಟಿನ ಕೈಯ ಗುರುತು ಅವ್ವನ ಸೀರೆಯ ಬೆನ್ನ ಮೇಲೆಲ್ಲ ಮೂಡಿತ್ತು.

ಕರಿಯುವಾಗ ಡೋಲವ್ವ ಫೋನಿನ ಮಾತು ಹೇಳಿದಳು. ತಂಗಿ ಬೇರೆ ಯಾರದೋ ಫೋನಿನಿಂದ ಎರಡು ನಿಮಿಷ ಮಾತಾಡಿದ್ದಳು. ಹವೆ ಚೆನ್ನಾಗಿದೆ ಎಂದಳಂತೆ. ಬಾರ್ಲಿ ಬೆಳೆ ಬಂದಿದೆ ಎಂದಳಂತೆ. ದೊಡ್ಡ ಮಗ ಆಸ್ಪತ್ರೆಯಲ್ಲಿದ್ದಾನೆ ಎಂದಳಂತೆ.

"ಏನ ಜಡ್ಡು ಹುಡುಗಗ?" ಎಂದಳು ಅವ್ವ.

"ಜಡ್ಡಲ್ಲ ಅಕ್ಕಾ. ಫೋನು ಸರ್ಕಾರದವರು ಕೇಳ್ತಾರ. ಜೇಲು ಅಂತ ಅನ್ನಂಗಿಲ್ಲ. ಆಸ್ಪತ್ರಿ ಅಂತಾರ." ಎಷ್ಟು ವರ್ಷಕ್ಕೆ ಎಂದು ತಂಗಿ ಹೇಳಲಿಲ್ಲ, ಡೋಲವ್ವ ಕೇಳಲಿಲ್ಲ. "ಡಾಕ್ಟರ ಭಾಳ ದಿನಾ ಇರಬೇಕು ಅಂದಾನ" ಎಂದಷ್ಟೇ ಮಾತು.

ಅವ್ವ ಎಣ್ಣೆಯಿಂದ ತೆಗೆದ ಮೊದಲ ಖಪ್ಸೆಯನ್ನು ಬಾಯಿಗೆ ಹಾಕಿಕೊಳ್ಳದೆ ದೀಪಗಳ ಮುಂದೆ ತಟ್ಟೆಯಲ್ಲಿ ಇಟ್ಟು ಬಂದಳು. "ಆಸ್ಪತ್ರಿಗೆ ಹೋದವರು ಮನಿಗೆ ಬರ್ತಾರ. ಇದು ಹುಡುಗಂದು," ಎಂದಳು.

ನನ್ನ ಮದುವೆಯಲ್ಲಿ ಭಜಿ ಬೇಕಾದಷ್ಟಾಯಿತು. ಅಪ್ಪ ಎರಡು ಪಂಕ್ತಿಯಲ್ಲಿ ಕೂತು ಉಂಡರು. ಅಂದಿನಿಂದ ಪ್ರತಿ ಲೋಸಾರಿಗೂ ಅವ್ವ ಕಡಾಯಿ ಹೊತ್ತು ಕ್ಯಾಂಪಿಗೆ ಹೋಗುವುದು ರೂಢಿಯಾಯಿತು. ಮೊದಲ ಖಪ್ಸೆ ಆಸ್ಪತ್ರೆಯ ಹುಡುಗನಿಗೆ. ಹೋದ ವರ್ಷ ಮಳೆಗಾಲದಲ್ಲಿ ಅವ್ವನನ್ನು ಹುಬ್ಬಳ್ಳಿಗೆ ಸೇರಿಸಿದಾಗ ನಾನು ಡೋಲವ್ವನಿಗೆ ಫೋನು ಮಾಡಿ, ಅವ್ವ ಆಸ್ಪತ್ರೆಯಲ್ಲಿದ್ದಾಳೆ ಎಂದೆ. ಡೋಲವ್ವ, "ಆಸ್ಪತ್ರಿ ಅಂದ್ರ ಖರೇ ಆಸ್ಪತ್ರೀನ ಹೌದಿಲ್ಲ?" ಎಂದು ಕೇಳಿದಳು. ಖರೇ ಆಸ್ಪತ್ರೆ ಎಂದಾಗ ನಿಟ್ಟುಸಿರು ಬಿಟ್ಟಳು. ಅವಳು ನೋಡಲು ಬಂದಾಗ ಅವ್ವನಿಗೆ ಇನ್ನೂ ಮಾತಿತ್ತು. "ನಂದು ಖರೇ ಆಸ್ಪತ್ರಿ, ನಿನ್ನ ಹುಡುಗಂದು ಸುಳ್ಳ ಆಸ್ಪತ್ರಿ. ಯಾರ ಮೊದಲ ಮನಿಗೆ ಬರ್ತೇವಿ ನೋಡೂಣು, ಡೋಲವ್ವಾ," ಎಂದು ನಕ್ಕಳು. ಅವ್ವ ಮನೆಗೆ ಬರಲಿಲ್ಲ.

ಕ್ಯಾಂಪಿನ ತಿರುವಿನಲ್ಲಿ ನಿಂತು ನಾನು ಯೋಚಿಸಿದ್ದು ಆ ಹುಡುಗನ ಸಂಗತಿಯೇ. ಹುಡುಗ ಎನ್ನುತ್ತೇವೆ, ಈಗ ತಲೆ ನರೆತಿರಬೇಕು. ಬಂದಿರಬಹುದೆ? ಸತ್ತಿರಬಹುದೆ? ಎರಡರಲ್ಲಿ ಒಂದು ಎಂದುಕೊಂಡು ಅವಳ ಅಂಗಳಕ್ಕೆ ನಡೆದೆ.

ಡೋಲವ್ವನಿಗೆ ಮೊಣಕಾಲು ನೋವು, ಈಗ ಹೆಚ್ಚು ನಡೆಯಲಾರಳು. ಕಟ್ಟೆಯ ಮೇಲೆ ಹಿಟ್ಟು ನಾದಿ ಬಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. ಚೀಲದಿಂದ ಕಡಾಯಿ ತೆಗೆದು ಮುಂದಿಟ್ಟು ಕೇಳಿದೆ, "ಹುಡುಗನ ಸುದ್ದಿ ಬಂತೇನು ಚಿಗವ್ವಾ?"

"ಅವ ಇನ್ನೂ ಆಸ್ಪತ್ರ್ಯಾಗ ಅದಾನ."

"ಮತ್ತ ಯಾಕ ಕರದಿ?"

ಅವಳು ಕಡಾಯಿಯನ್ನು ಕೈಯಿಂದ ಸವರಿದಳು. ಧೂಳಿನ ಗೆರೆ ಇನ್ನೂ ಒಂದೆರಡು ಉಳಿದಿದ್ದವು. "ಅಕ್ಕ ಹೋದ ಮ್ಯಾಲೆ ಪಾಳಾದಾಗ ಕಡಾಯಿ ಇಟ್ಟಾರೇನು?"

"ಇಲ್ಲ."

"ದಾಂಡೇಲ್ಯಾಗ ನೀ ಇಟ್ಟೀಯೇನು?"

ಇಟ್ಟಿರಲಿಲ್ಲ. ಅವ್ವನ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಬಂದು ಇಡುವವರು ಯಾರು ಎಂದು ನಾವಾರೂ ಬಾಯಿಬಿಟ್ಟು ಕೇಳಿಕೊಂಡಿರಲೂ ಇಲ್ಲ. ದೀಪಾವಳಿ ಹಾಗೆಯೇ ಕಳೆದಿತ್ತು, ಸಂಕ್ರಾಂತಿ ಕಳೆದಿತ್ತು.

"ಆಕಿ ತವರವರು ಬಂದು ಇಡಬೇಕಲ್ಲ," ಎಂದಳು ಡೋಲವ್ವ. "ನನಗ ಪಾಳಾತನಕ ಬರಾಕ ಆಗೂದಿಲ್ಲ. ಅದಕ್ಕ ಕಡಾಯೀನ ಕರದೆ."

ಒಲೆ ಹಚ್ಚಿದಳು. ಎಣ್ಣೆ ಕಾಯಿತು. ಮೊದಲನೆಯದನ್ನು ತೆಗೆದು ದೀಪದ ಮುಂದೆ ಇಡಲು ನನ್ನ ಕೈಯಲ್ಲಿ ಕೊಟ್ಟಳು, ಅದು ಹುಡುಗನದು. ಎರಡನೆಯದನ್ನು ಬಾಯಿಂದ ಊದಿ ಆರಿಸಿ, ನನ್ನ ಗಲ್ಲ ಹಿಡಿದು ಬಾಯಿಗೆ ತುರುಕಿದಳು. ಅದನ್ನು ಅಗಿಯುತ್ತಿದ್ದಂತೆ, ಅವ್ವ ಸತ್ತ ದಿನವೂ ಸರಿಯಾಗಿ ಬಾರದಿದ್ದ ಅಳು ನನಗೆ ಆಗ ಬಂತು. ಬಾಯಿ ತುಂಬ ಖಪ್ಸೆ ಇಟ್ಟುಕೊಂಡೇ ಜೋರಾಗಿ ಅತ್ತೆ. ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ಇಣುಕಿದರು. ಒಲೆಯ ಮೇಲಿನ ಕಡಾಯಿಯ ಗುರುತು ಅವರಿಗಿತ್ತು. ಈ ಸಲ ಯಾರು ಸತ್ತರು ಎಂದು ಯಾರೂ ಕೇಳಲಿಲ್ಲ.

"ಅಳು, ಅಳು," ಎಂದಳು ಡೋಲವ್ವ, ಇನ್ನೊಂದು ಹುರಿ ಹೊಸೆದು ಎಣ್ಣೆಗೆ ಬಿಡುತ್ತ. "ಅತ್ತು ಮುಗದ ಮ್ಯಾಲೆ ಡಬ್ಬಿ ತಗೋ. ನಿಮ್ಮ ಅಪ್ಪಗೂ ಒಯ್ಯಬೇಕು."